ಕೆರೆಯ ಜಲಕುಂಭಿ: ಮೃಗಶಿರ ಹಿಡಿಯೋ ಮುಂಚಿನ ಕೆಲಸ

ಅಡ್ಮಿನ್, 1ನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ಕೆರೆ ವಿಷಯ ಮಾತ್ರ ಇಲ್ಲಿ ಬರಲಿ, ಗುಡ್ ಮಾರ್ನಿಂಗ್ ಚಿತ್ರಗಳಿಗೆ ಬೇರೆ ಗುಂಪಿದೆ. ಮೂರು ಎಕರೆ ಕೆರೆಯಲ್ಲಿ ಹೆಚ್ಚುಕಡಿಮೆ ಎರಡು ಎಕರೆಯನ್ನ ಜಲಕುಂಭಿ ಅನ್ನೋ ತೇಲುಕಳೆ ಮುಚ್ಚಿದೆ. ಹಿಟಾಚಿ ತರಿಸೋಣ ಅನ್ನೋರು ಕೆಲವರು, ಕಳೆನಾಶಕ ಹೊಡೆಸೋಣ ಅನ್ನೋರು ಕೆಲವರು. ಮಳೆಗೆ ಇನ್ನೆರಡು ತಿಂಗಳು ಇದೆ. ವಿಷಯ ಗೊತ್ತಿರೋರು ಬರೀರಿ.

4ನೇ ಕ್ರಾಸ್, ಕೃಷಿ ಇಲಾಖೆ ನಿವೃತ್ತರು
ಹಿಟಾಚಿ ಬಾಡಿಗೆ ವಿಚಾರಿಸೋ ಮುಂಚೆ ಒಂದು ಲೆಕ್ಕ ನೋಡಿ. ಬಿಸಿಲು, ಕೊಳಚೆ ಎರಡೂ ಸಿಕ್ಕರೆ ಈ ಗಿಡ ಎರಡು ವಾರಕ್ಕೆ ಇಮ್ಮಡಿ ಆಗುತ್ತೆ, ಕೆಲವೊಮ್ಮೆ ಅದಕ್ಕೂ ಬೇಗ. ನೂರರಲ್ಲಿ ತೊಂಬತ್ತೈದು ಪಾಲು ತೆಗೆದು ಐದು ಪಾಲು ಬಿಟ್ಟಿರಿ ಅಂತಿಟ್ಟುಕೊಳ್ಳಿ. ಐದು ಹತ್ತಾಗುತ್ತೆ, ಇಪ್ಪತ್ತಾಗುತ್ತೆ, ನಲವತ್ತು, ಎಂಬತ್ತು. ಎಂಟೊಂಬತ್ತು ವಾರಕ್ಕೆ ಕೆರೆ ಮತ್ತೆ ಹಸಿರು. ಏಪ್ರಿಲ್‌ನಲ್ಲಿ ದುಡ್ಡು ಸುರಿದು ಜೂನ್‌ನಲ್ಲಿ ಅಲ್ಲಿಗೇ ಬಂದು ನಿಲ್ತೀರಿ. ಹಾಗಾಗಿ ದೊಡ್ಡ ಯಂತ್ರಕ್ಕಿಂತ ಕೊನೇ ಐದು ಪಾಲು ಆರಿಸೋ ಕೈಗಳು ಮುಖ್ಯ.

ತೂಕವನ್ನೂ ಮೊದಲೇ ತಿಳ್ಕೊಳ್ಳಿ. ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಚೌಕದ ಚೌಕಟ್ಟು ಮಾಡಿ, ಕಳೆ ಮೇಲಿಟ್ಟು, ಒಳಗಿರೋದನ್ನೆಲ್ಲ ತೆಗೆದು ಹತ್ತು ನಿಮಿಷ ನೀರು ಸೋರಿಸಿ ತೂಗಿ. ಮೂರು ಕಡೆ ಹೀಗೆ ಮಾಡಿ ಸರಾಸರಿ ತೆಗೀರಿ. ದಟ್ಟವಾಗಿದ್ದರೆ ಚದರ ಮೀಟರಿಗೆ 20ರಿಂದ 30 ಕಿಲೋ ಬರುತ್ತೆ. 25 ಅಂತ ಹಿಡಿದರೂ ಎರಡು ಎಕರೆಗೆ 200 ಟನ್. ಸಡಿಲವಾಗಿ ತುಂಬೋ ವಸ್ತುವಾದ್ದರಿಂದ ಟ್ರ್ಯಾಕ್ಟರ್ ಟ್ರೈಲರಿಗೆ ಎರಡು ಟನ್ ಹಿಡಿದರೆ ಹೆಚ್ಚು. ನೂರು ಲೋಡು! ಆದರೆ ಇದರಲ್ಲಿ ನೂರಕ್ಕೆ 90-95 ಪಾಲು ಬರೀ ನೀರು. ದಡದಲ್ಲಿ ನಾಲ್ಕೈದು ದಿನ ಬಿಸಿಲಿಗೆ ಬಾಡಿಸಿದರೆ ಲೋಡು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತೆ. ಹಸಿ ಇರುವಾಗಲೇ ಸಾಗಿಸೋದು ಅಂದರೆ ಡೀಸೆಲ್ ಸುಟ್ಟು ನೀರು ಹೊತ್ತಂತೆ.

3ನೇ ಕ್ರಾಸ್, ಸಿವಿಲ್ ಇಂಜಿನಿಯರ್
ಸರ್ ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲಿನ ಪ್ರಶ್ನೆ ಒಂದಿದೆ. ಗಿಡಕ್ಕೆ ಊಟ ಎಲ್ಲಿಂದ? ನಮ್ಮ ಮನೆಗಳಿಂದಲೇ. ಮಳೆನೀರಿನ ಚರಂಡಿಯಲ್ಲಿ ಮಾರ್ಚ್ ತಿಂಗಳಲ್ಲೂ ನೀರು ಹರೀತಿದೆ ಅಂದರೆ ಅದು ಮಳೆನೀರಲ್ಲ. ವಾಷಿಂಗ್ ಮೆಷಿನ್, ಪಾತ್ರೆ ತೊಳೆಯೋ ಜಾಗದ ಪೈಪನ್ನ ಯುಜಿಡಿಗೆ (ಒಳಚರಂಡಿಗೆ) ಕೊಡದೆ ಚರಂಡಿಗೆ ಬಿಟ್ಟಿರೋ ಮನೆಗಳಿವೆ. ಸೋಪಿನ ನೀರಿನ ರಂಜಕ, ಶೌಚದ ಸಾರಜನಕ ಎರಡೂ ಜಲಕುಂಭಿಗೆ ಗೊಬ್ಬರ.

ಪತ್ತೆ ಮಾಡೋದು ಕಷ್ಟ ಇಲ್ಲ. ಬೆಳಿಗ್ಗೆ ಆರರಿಂದ ಒಂಬತ್ತು ಗಂಟೆ ಒಳಗೆ, ಎಲ್ಲರೂ ನೀರು ಬಳಸೋ ಹೊತ್ತಲ್ಲಿ, ಕೆರೆಯಿಂದ ಮೇಲ್ಮುಖವಾಗಿ ಚರಂಡಿ ಹಿಡಿದು ನಡೀಬೇಕು. ಕವಲು ಸಿಕ್ಕಲ್ಲೆಲ್ಲ ಯಾವ ಕಡೆಯಿಂದ ಹರಿವು ಬರ್ತಿದೆ ನೋಡಿ ನಕ್ಷೆಯಲ್ಲಿ ಗುರುತು ಹಾಕಿ. ಅನುಮಾನ ಇರೋ ಮನೆಯವರನ್ನ ಕೇಳಿ, ಅವರ ಸಿಂಕಿಗೆ ಸಿಹಿತಿಂಡಿಗೆ ಹಾಕೋ ಕೆಂಪು ಬಣ್ಣ ಒಂದು ಚಮಚ ಕಲಸಿ, ಎರಡು ಬಕೆಟ್ ನೀರು ಬಿಡಿ. ಹದಿನೈದು ನಿಮಿಷದೊಳಗೆ ಚರಂಡಿ ಕೆಂಪಾದರೆ ಸಂಪರ್ಕ ತಪ್ಪಿದೆ ಅಂತಲೇ ಅರ್ಥ. ಒಂದು ದಿನಕ್ಕೆ ಒಂದು ಬೀದಿ ಮಾತ್ರ ಮಾಡಿ, ಇಲ್ಲದಿದ್ದರೆ ಯಾರ ಬಣ್ಣ ಯಾವುದು ಅಂತ ಜಗಳ ಆಗುತ್ತೆ.

ಮ್ಯಾನ್‌ಹೋಲ್ ಉಕ್ಕಿ ಚರಂಡಿಗೆ ಸೇರೋದು ಇನ್ನೊಂದು ದಾರಿ. ಡೈಪರ್, ಪ್ಯಾಡು, ಬಟ್ಟೆ ಚೂರು ಫ್ಲಶ್ ಮಾಡಿದರೆ ಕಟ್ಟಿಕೊಳ್ಳುತ್ತೆ. ಉಕ್ಕಿದ ದಿನವೇ ಫೋಟೋ ತೆಗೆದು, ಮ್ಯಾನ್‌ಹೋಲ್ ಇರೋ ಜಾಗ ಬರೆದು ಒಳಚರಂಡಿ ವಿಭಾಗಕ್ಕೆ ಲಿಖಿತ ದೂರು ಕೊಡಿ. ಬಾಯಿಮಾತಿನ ದೂರಿಗೆ ದಾಖಲೆ ಇರಲ್ಲ. ಕೆರೆಗೆ ಕೊಳಚೆ ಬಿಡೋದು 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ನಿಷಿದ್ಧ. ಪತ್ರದಲ್ಲಿ ಆ ಸಾಲು ಇರಲಿ.

5ನೇ ಕ್ರಾಸ್, ಬಾಡಿಗೆ ಮನೆ
ಒಂದು ಅನುಮಾನ. ಜಲಕುಂಭಿ ನೀರನ್ನ ಶುದ್ಧ ಮಾಡುತ್ತೆ ಅಂತ ಓದಿದ್ದೆ. ನೋಡೋಕೂ ನೇರಳೆ ಹೂವು ಚೆನ್ನಾಗಿದೆ. ಅಷ್ಟು ಹಗೆ ಯಾಕೆ?

2ನೇ ಕ್ರಾಸ್, ಸಸ್ಯಶಾಸ್ತ್ರ ಉಪನ್ಯಾಸಕಿ
ಓದಿದ್ದು ತಪ್ಪಲ್ಲ, ಅರ್ಧ ಅಷ್ಟೆ. ನೀರಿನಲ್ಲಿರೋ ಸಾರಜನಕ, ರಂಜಕ, ಲೋಹಗಳನ್ನ ಅದು ಹೀರುತ್ತೆ ನಿಜ. ಹೀರಿದ್ದನ್ನ ದಿನಾ ಕಿತ್ತು ಹೊರಗೆ ಹಾಕುವವರಿದ್ದರೆ ಮಾತ್ರ ಅದು ಶುದ್ಧೀಕರಣ. ಕೆರೆಯಲ್ಲೇ ಸತ್ತು ಕೊಳೆತರೆ ಎಲ್ಲ ವಾಪಸ್ ನೀರಿಗೆ, ಜೊತೆಗೆ ತಳದಲ್ಲಿ ಹೂಳು.

ಇದು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಗಿಡ. ಅಲಂಕಾರಕ್ಕೆ ಅಂತ ಲೋಕವೆಲ್ಲ ಸುತ್ತಿತು. ಅಲ್ಲಿ ಅದನ್ನ ತಿನ್ನೋ ಕೀಟಗಳಿದ್ದವು, ಇಲ್ಲಿಗೆ ಗಿಡ ಬಂತು, ಕೀಟ ಬರಲಿಲ್ಲ. ಚಾಪೆಯಂತೆ ಹೆಣೆದುಕೊಂಡ ಮೇಲೆ ನೀರಿಗೂ ಗಾಳಿಗೂ ಸಂಪರ್ಕ ಕಡಿಮೆ. ಬೆಳಕು ಕೆಳಗಿಳಿಯಲ್ಲ, ಹಾಗಾಗಿ ನೀರೊಳಗೆ ಆಮ್ಲಜನಕ ಬಿಡೋ ಪಾಚಿ, ಮುಳುಗುಗಿಡ ಸಾಯುತ್ತವೆ. ಕೊಳೆಯೋ ಬೇರು ಇದ್ದಬದ್ದ ಆಮ್ಲಜನಕ ತಿನ್ನುತ್ತೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋದು ಈ ಕಾರಣಕ್ಕೆ. ನೈದಿಲೆಗೆ ಜಾಗ ಉಳಿಯಲ್ಲ. ಗುಳುಮುಳುಕ, ನೀರುಕಾಗೆಗೆ ಮುಳುಗಿ ಮೀನು ಹಿಡಿಯೋಕೆ ತೆರೆದ ನೀರು ಬೇಕು, ಅವು ಜಾಗ ಬಿಡ್ತವೆ. ಜಂಬುಕೋಳಿ ಮಾತ್ರ ಕಳೆ ಮೇಲೆ ಆರಾಮಾಗಿ ಓಡಾಡುತ್ತೆ, ಅದನ್ನ ನೋಡಿ ಕೆರೆ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಜನರ ಲೆಕ್ಕಕ್ಕೆ ಬಂದರೆ, ಎಲೆಗಳಿಂದ ಆವಿಯಾಗೋ ನೀರು ತೆರೆದ ಮೈಯಿಂದ ಆರೋದಕ್ಕಿಂತ ಹೆಚ್ಚು. ಬೇಸಿಗೆಯಲ್ಲಿ ಕೆರೆ ಬೇಗ ಇಳಿದರೆ ಸುತ್ತಲಿನ ಬಾವಿ, ಬೋರ್‌ವೆಲ್‌ಗೆ ಇಂಗೋ ನೀರೂ ಕಡಿಮೆ. ಮೀನು, ದನ ಕುಡಿಯೋ ನೀರು, ಕೆಳಗಿನ ಅಚ್ಚುಕಟ್ಟು ಎಲ್ಲಕ್ಕೂ ಪೆಟ್ಟು. ಜೀವವೈವಿಧ್ಯದ ಅಂತರರಾಷ್ಟ್ರೀಯ ವಿಜ್ಞಾನ ಸಂಸ್ಥೆ ಐಪಿಬಿಇಎಸ್‌ನ 2023ರ ವರದಿ ಪ್ರಕಾರ ಮನುಷ್ಯರು ಬೇರೆಡೆಗೆ ಒಯ್ದ ಜೀವಿಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ ಹಾನಿ ಮಾಡ್ತಿರೋದು 3,500ರಷ್ಟು. ಹತ್ತರಲ್ಲಿ ಒಂದು. ಹೊರಗಿನದೆಲ್ಲ ಕೆಟ್ಟದ್ದಲ್ಲ, ಇದು ಆ ಹತ್ತನೆಯದು ಅಷ್ಟೆ. ಮನೆ ತೊಟ್ಟಿಯಲ್ಲಿ ಸಾಕಿರೋರು ದಯವಿಟ್ಟು ಹೆಚ್ಚಾದದ್ದನ್ನ ಚರಂಡಿಗೆ ಎಸೀಬೇಡಿ, ಬಿಸಿಲಲ್ಲಿ ಒಣಗಿಸಿ.

1ನೇ ಕ್ರಾಸ್, ಅಂಗಡಿ ಮನೆ
ಇಷ್ಟೆಲ್ಲ ಯಾಕೆ ಮಾರಾಯ್ರೇ, ಗ್ಲೈಫೋಸೇಟ್ ಹೊಡೆಸಿದರೆ ಹದಿನೈದು ದಿನಕ್ಕೆ ಕಳೆ ಮಟಾಷ್.

ಕೆಳಗಿನ ತೋಟದವರು
ಮಟಾಷ್ ಆಗೋದು ಕಳೆ ಒಂದೇ ಅಲ್ಲ ಅಣ್ಣ. ತೂಬಿನ ನೀರು ನಮ್ಮ ಅಡಕೆ ತೋಟ, ಗದ್ದೆಗೆ ಬರೋದು. 2,4-ಡಿ ಅನ್ನೋ ಇನ್ನೊಂದು ಕಳೆನಾಶಕ ಆದರಂತೂ ಗಾಳಿಯಲ್ಲಿ ತೇಲಿ ಬಂದರೂ ತರಕಾರಿ ಎಲೆ ಸುರುಟುತ್ತೆ.

4ನೇ ಕ್ರಾಸ್, ಕೃಷಿ ಇಲಾಖೆ ನಿವೃತ್ತರು
ಅಂಗಡಿಯವರೇ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನ ಪರವಾನಗಿ ಇರೋ ಕೀಟನಿಯಂತ್ರಕರಿಗೆ ಮಾತ್ರ ಸೀಮಿತ ಮಾಡಿತು. ಅದನ್ನ ಬದಿಗಿಟ್ಟರೂ, 200 ಟನ್ ಒಟ್ಟಿಗೆ ಸತ್ತು ಮುಳುಗಿದರೆ ಕೊಳೆಯೋಕೆ ಬೇಕಾಗೋ ಆಮ್ಲಜನಕ ಕೆರೆಯಲ್ಲಿ ಇಲ್ಲ. ಇರೋ ಮೀನೆಲ್ಲ ಒಂದೇ ವಾರದಲ್ಲಿ ತೇಲುತ್ತೆ, ನಾತಕ್ಕೆ ನೀವೇ ಕಿಟಕಿ ಮುಚ್ಚಬೇಕು. ಗೊಬ್ಬರವೆಲ್ಲ ನೀರಲ್ಲೇ ಉಳಿಯೋದರಿಂದ ಹೂಳಿನ ಬೀಜ ಮೊಳೆತು ಮತ್ತೆ ಶುರು. ಆ ಬೀಜಕ್ಕೆ 15-20 ವರ್ಷ ಆಯಸ್ಸು.

ಹುಲ್ಲುಗೆಂಡೆ ಮೀನು ಬಿಡೋಣ ಅಂತ ಇನ್ನೊಬ್ಬರು ಖಾಸಗಿಯಾಗಿ ಕೇಳಿದರು. ಅದು ಮುಳುಗಿರೋ ಮೆದು ಗಿಡ ತಿನ್ನುತ್ತೆ, ಜಲಕುಂಭಿ ಅದರ ಇಷ್ಟದ ಊಟ ಅಲ್ಲ. ಜಲಕುಂಭಿ ತಿನ್ನೋ ನಿಯೋಕೆಟಿನಾ ಮೂತಿಹುಳ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟು ಕೆಲವು ಕಡೆ ಫಲ ಸಿಕ್ಕಿತು, ಆದರೆ ಮೂರ್ನಾಲ್ಕು ವರ್ಷ ಕಾಯಬೇಕು. ಕೊಳಚೆ ಇರೋ ಕಡೆ ಹುಳ ತಿನ್ನೋದಕ್ಕಿಂತ ಗಿಡ ಬೆಳೆಯೋದು ಜೋರು. ಎಲೆ ಮೇಲೆ ಕೆರೆದಂಥ ಸಣ್ಣ ಕಲೆಗಳಿದ್ದರೆ ಹುಳ ಈಗಾಗಲೇ ಇದೆ ಅಂತ ಅರ್ಥ, ನೋಡಿ ತಿಳಿಸಿ.

ಅಡ್ಮಿನ್, 1ನೇ ಕ್ರಾಸ್
ಔಷಧಿ ವಿಷಯ ಇಲ್ಲಿಗೆ ಮುಗೀತು. ತೆಗೆಯೋ ವಿಧಾನ ಹೇಳಿ ಸರ್.

3ನೇ ಕ್ರಾಸ್, ಸಿವಿಲ್ ಇಂಜಿನಿಯರ್
ಹಿಟಾಚಿ ತರಿಸಿದರೂ ಏರಿ ಮೇಲೆ ಹತ್ತಿಸಬೇಡಿ. ಹಳೇ ಮಣ್ಣಿನ ಏರಿ, ಚೈನಿನ ಭಾರಕ್ಕೆ ಅಂಚು ಕುಸಿಯುತ್ತೆ. ಇನ್ನೊಂದು, ಬಕೆಟ್ಟಿನಲ್ಲಿ ತಳ ಕೆರೆದರೆ ನೀರು ಹಿಡಿದಿಟ್ಟಿರೋ ಜೇಡಿ ಪದರ ಕಿತ್ತು ಹೋಗಿ ಕೆರೆ ಸೋರೋಕೆ ಶುರುವಾಗುತ್ತೆ. ಒಳಹರಿವಿನ ಕಡೆ ಗಟ್ಟಿ ನೆಲ ಇದೆ, ಯಂತ್ರ ಅಲ್ಲಿ ನಿಲ್ಲಲಿ. ಕಳೆಯನ್ನ ಅಲ್ಲಿಗೆ ನಾವು ತೇಲಿಸಿ ತರಬೇಕು.

ಹಾಗೆ ತರೋದಕ್ಕೆ ಮೊದಲು ಚಾಪೆಯನ್ನ ಪಟ್ಟಿಪಟ್ಟಿಯಾಗಿ ಬಿಡಿಸಿಕೊಳ್ಳಿ. ಅಡಕೆ ಕೊಯ್ಯೋ ದೋಟಿಗೆ ಕತ್ತಿ ಕಟ್ಟಿದರೆ ಹೆಣೆದ ಬೇರು ಸುಲಭವಾಗಿ ಕತ್ತರಿಸುತ್ತೆ. ಆಮೇಲೆ ಉದ್ದ ಹಗ್ಗ ಹಿಂದಿನಿಂದ ಸುತ್ತು ಹಾಕಿ ಎರಡೂ ದಡದಿಂದ ಎಳೀಬೇಕು. ಗಾಳಿ ಬೀಸೋ ದಿಕ್ಕಿಗೇ ಎಳೆದರೆ ಅರ್ಧ ಕೆಲಸ ಗಾಳಿಯದ್ದು. ಎದುರಿಗೆ ಎಳೆದರೆ ಚಾಪೆ ಹರಿದು ತುಂಡುಗಳು ಚೆಲ್ಲಾಪಿಲ್ಲಿ, ಒಂದೊಂದು ತುಂಡೂ ಹೊಸ ಗಿಡ.

ತೆಗೆದದ್ದನ್ನ ನೀರಂಚಲ್ಲೇ ರಾಶಿ ಹಾಕೋದು ಎಲ್ಲ ಕಡೆ ಆಗೋ ತಪ್ಪು. ಸೋರಿದ ರಸ ವಾಪಸ್ ಕೆರೆಗೆ, ಒಂದು ಜೋರು ಮಳೆ ಬಂದರೆ ರಾಶಿಯೇ ವಾಪಸ್. ಕನಿಷ್ಠ ಹತ್ತು ಮೀಟರ್ ದೂರ, ಕೆರೆ ಕಡೆಗೆ ಇಳಿಜಾರು ಇಲ್ಲದ ಜಾಗದಲ್ಲಿ ತೆಳ್ಳಗೆ ಹರಡಿ.

ಮೇಲಿನ ಕೆರೆ ಕೋಡಿ ಬಿದ್ದರೆ ಅಲ್ಲಿನ ಕಳೆ ನಮ್ಮ ಕೆರೆಗೇ ಬರೋದು. ಒಳಹರಿವಿನ ಬಾಯಿಗೆ ತೇಲುತಡೆ ಬೇಕು: 110 ಮಿಮೀ ಪಿವಿಸಿ ಪೈಪು, ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿ ಸಲ್ಯೂಷನ್‌ನಿಂದ ಬಿಗಿ ಮಾಡಿ, 12 ಮಿಮೀ ನೈಲಾನ್ ಹಗ್ಗಕ್ಕೆ ಸಾಲಾಗಿ ಕಟ್ಟಿ, ಕೆಳಗೆ ಒಂದಡಿ ಬಲೆ ಇಳಿಬಿಡಿ. ಹರಿವಿಗೆ ಅಡ್ಡಡ್ಡ ಕಟ್ಟಬೇಡಿ, ಓರೆಯಾಗಿ ಕಟ್ಟಿದರೆ ಕಳೆ ಒಂದು ಮೂಲೆಗೆ ಸೇರುತ್ತೆ, ದೋಟಿಗೆ ಎಟುಕುತ್ತೆ. ನೀರು ಏರಿದಾಗ ಹಗ್ಗ ಬಿಗಿದು ಪೈಪು ಮುಳುಗದ ಹಾಗೆ ಸಡಿಲ ಬಿಡಿ. ಕೋಡಿಗೆ ಮಾತ್ರ ಇಂಥ ತಡೆ ಬೇಡವೇ ಬೇಡ. ಆರಿದ್ರಾ ಮಳೆಯಲ್ಲಿ ಕಳೆ ಅಲ್ಲಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹತ್ತಿ ಹರಿಯುತ್ತೆ, ಏರಿ ಒಡೆಯೋದು ಹಾಗೇ.

5ನೇ ಕ್ರಾಸ್, ಡಾಕ್ಟರ್
ನೀರಿಗಿಳಿಯೋರಿಗೆ: ಗಂಬೂಟು, ಕೈಗವಸು ಕಡ್ಡಾಯ. ಕೊಳಚೆ ನೀರು, ಇಲಿ ಎರಡೂ ಇರೋ ಕಡೆ ಇಲಿಜ್ವರ ಬರುತ್ತೆ, ಕಾಲಲ್ಲಿ ಗಾಯ ಇರೋರು ದಡದಲ್ಲೇ ಇರಿ. ಇಳಿದವರಿಗೆ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಕೆರೆಗಿಳಿದದ್ದನ್ನ ವೈದ್ಯರಿಗೆ ಮೊದಲೇ ಹೇಳಿ. ತೂಬಿನ ಹತ್ತಿರ ಆಳ, ಲೈಫ್ ಜಾಕೆಟ್ ಇಲ್ಲದೆ ಯಾರೂ ಬೇಡ. ಚಾಪೆ ಅಡಿ ಹಾವಿರುತ್ತೆ, ಕೈ ಹಾಕೋ ಮುಂಚೆ ಕೋಲಾಡಿಸಿ.

ಸೊಳ್ಳೆಗೆ ಎಣ್ಣೆ ಬಿಡಿ ಅನ್ನೋರಿಗೆ: ಮ್ಯಾನ್ಸೋನಿಯಾ ಜಾತಿಯ ಮರಿಗಳು ನೀರಮೇಲೆ ಬಂದು ಉಸಿರಾಡಲ್ಲ, ಇಂಥ ಗಿಡಗಳ ಬೇರಿಗೇ ಚುಚ್ಚಿ ಗಾಳಿ ಎಳ್ಕೊಳ್ತವೆ. ಎಣ್ಣೆ ಪದರ ಅವಕ್ಕೆ ತಾಗಲ್ಲ. ಗಿಡ ತೆಗೆಯೋದೇ ಮದ್ದು.

ಕೆಳಗಿನ ತೋಟದವರು
ಬಾಡಿಸಿದ ಕಳೆ ನಮಗೆ ಕೊಡಿ, ಟ್ರ್ಯಾಕ್ಟರ್ ನಾವೇ ತರ್ತೀವಿ. ತೋಟಕ್ಕೆ ಹಾಸ್ತೀವಿ.

2ನೇ ಕ್ರಾಸ್, ಸಸ್ಯಶಾಸ್ತ್ರ ಉಪನ್ಯಾಸಕಿ
ಹಸಿ ಹಾಸಬೇಡಿ ಅಣ್ಣ, ಒಂದು ತುಂಡು ಬಸಿಗಾಲುವೆಗೆ ಬಿದ್ದರೂ ತೋಟದಿಂದ ತೋಟಕ್ಕೆ ಹೋಗುತ್ತೆ. ಗೊಬ್ಬರ ಮಾಡಿಯೇ ಹಾಕಿ. ಬಾಡಿದ ಕಳೆ ಕತ್ತರಿಸಿ ನಾಲ್ಕು ಪಾಲು, ಸಗಣಿ ಒಂದು ಪಾಲು, ನಡುನಡುವೆ ಒಣ ದರಕು (ಉದುರಿದ ಎಲೆ). ರಾಶಿ ಮೂರಡಿಗಿಂತ ಎತ್ತರ ಇರಲೇಬೇಕು, ಇಲ್ಲದಿದ್ದರೆ ಒಳಗೆ 55-60 ಡಿಗ್ರಿ ಬಿಸಿ ಏರಲ್ಲ, ಬೀಜ ಸಾಯಲ್ಲ. ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ ಬರೋ ಹಾಗೆ ಮಗುಚಿ. ಎರಡು ಮೂರು ತಿಂಗಳು ಬೇಕು, ಅಷ್ಟರಲ್ಲಿ ಮಳೆ ಹಿಡಿಯೋದರಿಂದ ಟಾರ್ಪಾಲ್ ಮುಚ್ಚಿ, ಸತ್ವ ತೊಳೆದು ಹೋಗಬಾರದು. ಗ್ಯಾರೇಜ್ ಎಣ್ಣೆ ನೀರೂ ಈ ಚರಂಡಿಗೆ ಬರುತ್ತೆ, ಹಾಗಾಗಿ ತರಕಾರಿಗೆ ಬೇಡ. ದನಕ್ಕೂ ಹಾಕಬೇಡಿ, ಬರೀ ನೀರು, ಭೇದಿ ಹಿಡಿಯುತ್ತೆ.

ಇನ್ನೊಂದು ಎಚ್ಚರಿಕೆ. ಪೂರ್ವದ ಮೂಲೆಯಲ್ಲಿ ಸಣ್ಣ ಎಲೆಯ, ಮೇಲ್ಮೈ ರೋಮ ರೋಮವಾಗಿರೋ ತೇಲುಗಿಡ ಇದೆ, ಸಾಲ್ವೀನಿಯಾ. ದೊಡ್ಡದನ್ನ ತೆಗೆದ ಕೂಡಲೆ ಖಾಲಿ ಜಾಗಕ್ಕೆ ಅದು ನುಗ್ಗುತ್ತೆ, ಎರಡನ್ನೂ ಒಟ್ಟಿಗೆ ತೆಗೀಬೇಕು. ಅದೇ ಮೂಲೆಯ ಜೊಂಡನ್ನ ಮಾತ್ರ ಮುಟ್ಟಬೇಡಿ, ಅದು ಇಲ್ಲಿಯದೇ, ಹಕ್ಕಿ ಗೂಡಿಗೂ ಬೇಕು.

3ನೇ ಕ್ರಾಸ್, ಮೂಲೆ ಮನೆ
ಖಾಲಿ ಸೈಟಿನ ಕಾಂಗ್ರೆಸ್ ಹುಲ್ಲು? ಮಕ್ಕಳಿಗೆ ಕೆಮ್ಮು, ಮೈ ತುರಿಕೆ.

4ನೇ ಕ್ರಾಸ್, ಕೃಷಿ ಇಲಾಖೆ ನಿವೃತ್ತರು
ಮೊದಲ ಮಳೆ ಬಿದ್ದು ನೆಲ ಮೆದುವಾದಾಗ, ಹೂವು ಬಿಡೋ ಮುಂಚೆ, ಬೇರು ಸಮೇತ ಕೀಳಿ. ಮೊಳೆತು ಒಂದೂವರೆ ತಿಂಗಳೊಳಗೆ ಹೂ ಬಿಡುತ್ತೆ, ಅಷ್ಟೇ ಅವಕಾಶ. ಬರಿಗೈ ಬೇಡ, ಮಾಸ್ಕ್ ಹಾಕಿ. ಬರೀ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಉಪ್ಪುನೀರು ಹೊಡೆದರೆ ಸಾಯುತ್ತೆ, ಮಣ್ಣೂ ಕೆಡುತ್ತೆ. ಕಿತ್ತ ಜಾಗಕ್ಕೆ ಚಗತೆ ಬೀಜ ಎರಚಿ, ಅದು ಎದ್ದರೆ ಇದಕ್ಕೆ ಜಾಗ ಸಿಗಲ್ಲ. ಏರಿ ಮೇಲಿನ ಲಂಟಾನ, ಯುಪಟೋರಿಯಂ ಕಳೆಪೊದೆಗಳನ್ನ ಈಗ ಮುಟ್ಟಬೇಡಿ, ಮಳೆಗೆ ಮುಂಚೆ ಬೇರು ಅಗೆದರೆ ಏರಿ ಸಡಿಲ. ಮಳೆ ನಿಂತ ಮೇಲೆ, ಯುಪಟೋರಿಯಂ ಹೂವಿಗೆ ಮುಂಚೆ, ಸ್ವಲ್ಪ ಸ್ವಲ್ಪವಾಗಿ ತೆಗೆದು ಆ ಜಾಗಕ್ಕೆ ಹುಲ್ಲು ಹಿಡಿಸೋಣ.

ಅಡ್ಮಿನ್, 1ನೇ ಕ್ರಾಸ್
ಸರಿ, ಹಂಚಿಕೆ. ಮೊದಲ ಎರಡು ವಾರ ಚರಂಡಿ ನಡಿಗೆ, ಬಣ್ಣದ ಪರೀಕ್ಷೆ: 2, 3ನೇ ಕ್ರಾಸ್. ಪಾಲಿಕೆಗೆ ಅನುಮತಿ ಪತ್ರ, ಮೀನು ಗುತ್ತಿಗೆದಾರರ ಜೊತೆ ಮಾತು ನನ್ನದು, ಅವರನ್ನ ಕೇಳದೆ ಹಗ್ಗ ಇಳಿಸೋ ಹಾಗಿಲ್ಲ. ಚರಂಡಿಗೆ ಬರೋ ಕೊಳಚೆ ನಿಲ್ಲಿಸಿದ ಮೇಲಷ್ಟೇ ಯಂತ್ರ. ಆಮೇಲೆ ಹದಿನೈದು ದಿನಕ್ಕೊಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಉಳಿದದ್ದು, ಹೊಸ ಮೊಳಕೆ ಆರಿಸೋದು, ದೀಪಾವಳಿವರೆಗೂ. ಪ್ರತಿ ಕ್ರಾಸಿನಿಂದ ನಾಲ್ಕು ಜನ ಹೆಸರು ಕೊಡಿ.

1ನೇ ಕ್ರಾಸ್, ಅಂಗಡಿ ಮನೆ
ಹಗ್ಗ, ಪೈಪು ನನ್ನ ಕಡೆಯಿಂದ. ಎಂಡ್ ಕ್ಯಾಪ್ ಎಷ್ಟು ಬೇಕು ಇಂಜಿನಿಯರ್ ಸಾಹೇಬ್ರೇ?

3ನೇ ಕ್ರಾಸ್, ಸಿವಿಲ್ ಇಂಜಿನಿಯರ್
ಬಾಯಿ ಅಗಲ ಹದಿನಾಲ್ಕು ಮೀಟರ್, ಓರೆಗೆ ಹದಿನೆಂಟು ಬೇಕು. ಒಂದೊಂದೂ ಮೂರು ಮೀಟರಿನ ಆರು ತುಂಡು, ಕ್ಯಾಪ್ ಹನ್ನೆರಡು, ಮುರಿದರೆ ಇರಲಿ ಅಂತ ಇನ್ನೆರಡು. 110ರದ್ದೇ ತನ್ನಿ, 90ರದ್ದು ಕೂರಲ್ಲ.