ಜಪಾನಿನ ಮಾಯೆಕಾಕೆ: ಕಟ್ಟುವುದು, ಒಗೆಯುವುದು ಹೇಗೆ?

ಮಗ್ಗದಗುಂಡಿ: ಕಡುನೀಲಿ ದಪ್ಪ ಹತ್ತಿಯ ಮಾಯೆಕಾಕೆ (ಜಪಾನಿನ ಅಂಗಡಿಯಾಳುಗಳು ಸೊಂಟಕ್ಕೆ ಕಟ್ಟುವ ಏಪ್ರನ್) ತರಿಸಿದ್ದೇನೆ. ಕುತ್ತಿಗೆಗೆ ಪಟ್ಟಿ ಇಲ್ಲ, ಹೊಟ್ಟೆ ಮೇಲೆ ಕಟ್ಟಿದರೆ ಜಾರುತ್ತದೆ. ಕೆಳಗಿನ ಕುಚ್ಚು ಕತ್ತರಿಸಿ ಅಂಚು ಹೊಲಿಯಬಹುದೇ?

ಹಾಸುಹೊಕ್ಕು: ಕುಚ್ಚಿಗೆ ಕತ್ತರಿ ಹಾಕಬೇಡಿ! ಅದು ಬಟ್ಟೆಯದೇ ಹಾಸುನೂಲು (ಉದ್ದಕ್ಕೆ ಓಡುವ ಎಳೆ), ಆಮೇಲೆ ಅಂಟಿಸಿದ್ದಲ್ಲ. ಜಾರುವುದು ಕಟ್ಟಿದ ಜಾಗ ಮೇಲಾಗಿರುವುದರಿಂದ. ಹೊಕ್ಕುಳಿನ ಕೆಳಗೆ, ಸೊಂಟದ ಎಲುಬಿಗೆ ತಾಗುವಂತೆ ಇಡಿ. ಪಟ್ಟಿಯ ಎರಡೂ ತುದಿಯನ್ನು ಬೆನ್ನ ಹಿಂದೆ ದಾಟಿಸಿ, ಬಿಗಿಯಾಗಿ ಎಳೆದು, ಮುಂದೆ ತಂದು ಗಂಟು ಹಾಕಿ. ಭಾರ ಎತ್ತುವವರ ನಡುವಿಗೆ ಆಸರೆಯಾಗಲೆಂದೇ ಈ ಬಿಗಿ. ಸಾಕೆ (ಅಕ್ಕಿಯ ಮದ್ಯ), ಅಕ್ಕಿ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಅಂಗಡಿಗಳ ಆಳುಗಳು ಇದನ್ನೇ ಮೇಲಕ್ಕೆತ್ತಿ ಹೆಗಲಿಗೆ ಹಾಕಿಕೊಂಡು ಪೆಟ್ಟಿಗೆ ಹೊರುತ್ತಿದ್ದರು. ಬಟ್ಟೆ ದಪ್ಪಗಿದ್ದೂ ಮೆತ್ತಗಿರಬೇಕಾದದ್ದು ಅದಕ್ಕೇ. ತೆಳು ಪಾಲಿಯೆಸ್ಟರ್ ನಕಲು ಈ ಕೆಲಸಕ್ಕೆ ಬಾರದು.

ನೀಲಿಬಾನಿ: ಅಂಗಡಿಯ ಮೇಲೆ ಬೋರ್ಡು ಇದ್ದಂತೆ ಇದು ತೊಡೆಯ ಮೇಲಿನ ಬೋರ್ಡು. ಹೆಸರು, ಲಾಂಛನ ಹಾಕಿಸುವ ರೂಢಿ ಮೇಜಿ ಕಾಲದಲ್ಲಿ (1868–1912) ಹಬ್ಬಿತು. ನೇಯ್ಗೆಯ ಕೇಂದ್ರ ಐಚಿ ಪ್ರಾಂತ್ಯದ ತೊಯೊಹಾಶಿ. ಎರಡನೇ ಮಹಾಯುದ್ಧದ ನಂತರ ಭರ್ಜರಿ ಬೇಡಿಕೆಯಿತ್ತು, ಆಮೇಲೆ ಕುಸಿಯಿತು, ನೇಕಾರರಿಗೆ ವಯಸ್ಸಾಯಿತು. ಟೀಶರ್ಟು ಮಾರುತ್ತಿದ್ದ ಟೋಕಿಯೊದ ‘ಎನಿಥಿಂಗ್’ ಕಂಪನಿ ಇದನ್ನು ಕೈಗೆತ್ತಿಕೊಂಡು, 2019ರಲ್ಲಿ ತೊಯೊಹಾಶಿಯಲ್ಲೇ ಹಳೆಯ ಷಟಲ್ (ಲಾಳಿ) ಮಗ್ಗಗಳ ಕಾರ್ಖಾನೆ ತೆರೆಯಿತು.

ಒಗೆಯುವಾಗ ಬಣ್ಣ ಬಿಡುತ್ತದೆ. ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ, ನೆನೆಹಾಕಬೇಡಿ, ಬ್ಲೀಚ್ ಮುಟ್ಟಿಸಬೇಡಿ. ಒದ್ದೆಯಾಗಿ ಮಡಚಿಟ್ಟರೆ ನೀಲಿ ಬಣ್ಣ ಬಿಳಿ ಅಕ್ಷರಕ್ಕೆ ಹತ್ತುತ್ತದೆ. ತಕ್ಷಣ ಕೊಡವಿ ನೆರಳಲ್ಲಿ ಒಣಗಿಸಿ. ಕುಚ್ಚನ್ನು ಒದ್ದೆಯಿದ್ದಾಗಲೇ ಬೆರಳಿಂದ ಬಿಡಿಸಿ, ಇಲ್ಲದಿದ್ದರೆ ಸಿಕ್ಕಾಗುತ್ತದೆ.