ಹೆಲ್ತ್‌ಕೇರ್ ಕಾನೂನು ಬದಲಾದ್ರೆ ನರ್ಸಿಂಗ್ ಕೆಲಸದ ಗತಿ ಏನು? ಎಚ್4 ನಲ್ಲಿರೋರಿಗೆ, ಹೈಸ್ಕೂಲ್ ಮಕ್ಕಳ ಅಪ್ಪ ಅಮ್ಮಂದಿರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರೋ ನಮ್ಮವರು ಎರಡು ಪ್ರಶ್ನೆ ಮತ್ತೆ ಮತ್ತೆ ಕೇಳ್ತಾ ಇದಾರೆ. ಊರಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಎಚ್4 ನಲ್ಲಿ (ಎಚ್1 ಕೆಲಸದ ವೀಸಾದಲ್ಲಿರೋರ ಗಂಡ/ಹೆಂಡತಿಗೆ ಸಿಗೋ ವೀಸಾ) ಬಂದಿರೋ ಹೆಂಡತಿ ಈಗ ಎನ್‌ಕ್ಲೆಕ್ಸ್ (ಇಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ) ಬರೀಬೇಕಾ, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಇನ್ಶೂರೆನ್ಸ್) ಕಟ್ ಆದ್ಮೇಲೆ ಆಸ್ಪತ್ರೆಯವರು ಹೊಸಬರನ್ನ ತಗೋತಾರಾ ಅನ್ನೋದು ಒಂದು. ಮಗಳು ನರ್ಸಿಂಗ್ ಓದ್ತೀನಿ ಅಂತ ಹಟ ಹಿಡಿದಿದಾಳೆ, ಹೂಂ ಅನ್ನೋದಾ ಬೇಡ್ವಾ ಅನ್ನೋದು ಇನ್ನೊಂದು. ನಾನು ಇಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್), ಮೊದಲು ಮೆಡ್-ಸರ್ಜ್ (ಸಾಮಾನ್ಯ ಕಾಯಿಲೆ, ಆಪರೇಶನ್ ಪೇಶೆಂಟ್‌ಗಳ) ಫ್ಲೋರ್‌ನಲ್ಲಿದ್ದೆ, ಈಗ ಕೇಸ್ ಮ್ಯಾನೇಜ್‌ಮೆಂಟ್, ಅಂದ್ರೆ ಪೇಶೆಂಟ್‌ಗೆ ಯಾವ ಇನ್ಶೂರೆನ್ಸ್ ಇದೆ ಅನ್ನೋದನ್ನ ದಿನಾ ಬೆಳಿಗ್ಗೆ ನೋಡೋ ಕೆಲಸ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ನನಗೆ ಗೊತ್ತಾಗಿರೋದು ಇಷ್ಟು: ರಿಫಾರ್ಮ್ ಬಂದ್ರೆ ನರ್ಸ್‌ಗಳ ಅಗತ್ಯ ಹೋಗಲ್ಲ, ಕೆಲಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತೆ. ಎಲ್ಲಿಗೆ ಸರಿಯುತ್ತೆ ಅಂತ ತಿಳ್ಕೋಬೇಕಾದ್ರೆ ಆ ಬೆಡ್‌ನಲ್ಲಿ ಮಲಗಿರೋ ಪೇಶೆಂಟ್‌ನ ಬಿಲ್ ಯಾರು ಕಟ್ತಾರೆ ಅಂತ ನೋಡಬೇಕು.

2010 ರ ಮಾರ್ಚ್‌ನಲ್ಲಿ ಒಬಾಮಾ ಸೈನ್ ಮಾಡಿದ ಅಫೋರ್ಡಬಲ್ ಕೇರ್ ಆ್ಯಕ್ಟ್ ಬಂದಾಗಲೂ ಇದೇ ಗಾಬರಿ ಇತ್ತು, ಆಸ್ಪತ್ರೆಗಳು ಮುಚ್ಚೋಗುತ್ತೆ, ನರ್ಸ್‌ಗಳನ್ನ ತೆಗೀತಾರೆ ಅಂತೆಲ್ಲ. ಆಗಿದ್ದೇ ಬೇರೆ. ಇನ್ಶೂರೆನ್ಸ್ ಇರೋರ ಸಂಖ್ಯೆ ಜಾಸ್ತಿ ಆಯ್ತು, ಮೆಡಿಕೇಡ್ ಅನ್ನ ಇನ್ನಷ್ಟು ಕಡಿಮೆ ಆದಾಯದ ವಯಸ್ಕರಿಗೆ ವಿಸ್ತರಿಸಿದ ರಾಜ್ಯಗಳಲ್ಲಿ ಆಸ್ಪತ್ರೆಗಳಿಗೆ ಬಿಟ್ಟಿ ಕೇರ್‌ನ ಹೊರೆ ಕಡಿಮೆ ಆಯ್ತು. 2012 ರಲ್ಲಿ ಸುಪ್ರೀಂ ಕೋರ್ಟ್ ವಿಸ್ತರಣೆ ಮಾಡೋದು ಬಿಡೋದು ರಾಜ್ಯಗಳಿಗೆ ಬಿಟ್ಟಿದ್ದು ಅಂದ್ಮೇಲೆ ಟೆಕ್ಸಸ್, ಫ್ಲೋರಿಡಾ, ಜಾರ್ಜಿಯಾ ಥರದ ರಾಜ್ಯಗಳು ಮಾಡಲಿಲ್ಲ, ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿರೋರ ಅನುಭವ ಡಲ್ಲಾಸ್‌ನಲ್ಲಿರೋರಿಗೆ ಹೊಂದಲ್ಲ.

ಅದೇ ಕಾನೂನಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಭಾಗ ಇದೆ. ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಇನ್ಶೂರೆನ್ಸ್) ಪೇಶೆಂಟ್‌ಗಳು ಡಿಸ್ಚಾರ್ಜ್ ಆಗಿ 30 ದಿನದೊಳಗೆ ವಾಪಸ್ ಅಡ್ಮಿಟ್ ಆಗೋದು ಲೆಕ್ಕಕ್ಕಿಂತ ಜಾಸ್ತಿ ಆದ್ರೆ ಆಸ್ಪತ್ರೆಗೆ ಬರೋ ದುಡ್ಡು ಕಟ್, ಇದು 2012 ಅಕ್ಟೋಬರ್‌ನಿಂದ ಶುರುವಾಯ್ತು, ಮೊದಲು 1 ಪರ್ಸೆಂಟ್ ವರೆಗೆ, ಈಗ 3 ಪರ್ಸೆಂಟ್ ವರೆಗೆ. ಇದರಿಂದ ಎಷ್ಟು ನರ್ಸಿಂಗ್ ಕೆಲಸ ಹುಟ್ಟಿತು ಅಂತ ನೋಡಿ. ಹಾರ್ಟ್ ಫೇಲ್ಯೂರ್ ಪೇಶೆಂಟ್ ಒಬ್ಬರು ಮನೆಗೆ ಹೊರಟಿದಾರೆ ಅನ್ಕೊಳ್ಳಿ. ಮೊದಲಾದ್ರೆ ಪೇಪರ್ ಕೊಟ್ಟು ವೀಲ್‌ಚೇರ್‌ನಲ್ಲಿ ಬಾಗಿಲವರೆಗೆ ಬಿಟ್ಟು ಬರೋದು. ಈಗ ಒಬ್ಬ ನರ್ಸ್ ಪಕ್ಕದಲ್ಲಿ ಕೂತು ದಿನಾ ಬೆಳಿಗ್ಗೆ ಬಾತ್‌ರೂಮ್‌ಗೆ ಹೋಗಿ ಬಂದ್ಮೇಲೆ, ತಿಂಡಿಗೆ ಮುಂಚೆ ತೂಕ ನೋಡ್ಕೋಬೇಕು, ಒಂದೇ ದಿನಕ್ಕೆ ಎರಡು ಮೂರು ಪೌಂಡ್ ಅಥವಾ ವಾರಕ್ಕೆ ಐದು ಪೌಂಡ್ ಏರಿದ್ರೆ ಫೋನ್ ಮಾಡಬೇಕು ಅಂತ ಹೇಳಿ, ಅದನ್ನೇ ಅವರ ಬಾಯಲ್ಲಿ ವಾಪಸ್ ಹೇಳಿಸ್ತಾರೆ. ಮನೇಲಿ ಸ್ಕೇಲ್ ಇದೆಯಾ, ಮಾತ್ರೆ ತರೋಕೆ ಯಾರಿದಾರೆ ಅಂತ ಕೇಳ್ತಾರೆ, ಡಾಕ್ಟರ್ ಅಪಾಯಿಂಟ್‌ಮೆಂಟ್ ಬುಕ್ ಮಾಡಿಯೇ ಕಳಿಸ್ತಾರೆ, ಒಂದೆರಡು ದಿನ ಬಿಟ್ಟು ಇನ್ನೊಬ್ಬ ನರ್ಸ್ ಫೋನ್ ಮಾಡಿ ಕೇಳ್ತಾರೆ. ಕೇರ್ ಕೋಆರ್ಡಿನೇಟರ್, ಟ್ರಾನ್ಸಿಶನ್ ನರ್ಸ್, ಕ್ವಾಲಿಟಿ ನರ್ಸ್ ಅಂತ ಇವತ್ತು ನೋಡೋ ಪೋಸ್ಟಿಂಗ್‌ಗಳು ಇಷ್ಟೊಂದು ಬೆಳೆದಿದ್ದು ಬಹುಪಾಲು ಈ ಪೆನಾಲ್ಟಿ ಥರದ ನಿಯಮಗಳಿಂದ. ಹಗಲಿನ ಕೆಲಸ, ವೀಕೆಂಡ್ ಕಡಿಮೆ, ಚಿಕ್ಕ ಮಕ್ಕಳಿರೋರಿಗೆ ಅನುಕೂಲ, ಆದ್ರೆ ಒಂದೆರಡು ವರ್ಷ ಬೆಡ್‌ಸೈಡ್ ಅನುಭವ ಇಲ್ದೆ ಹೆಚ್ಚಿನ ಕಡೆ ತಗೊಳ್ಳಲ್ಲ.

ಈಗ ಬಂದಿರೋದು ಇದರ ಉಲ್ಟಾ. 2025 ರ ಜುಲೈ 4 ರಂದು ಟ್ರಂಪ್ ಸೈನ್ ಮಾಡಿದ ಕಾನೂನಿನಲ್ಲಿ ಮೆಡಿಕೇಡ್ ವಿಸ್ತರಣೆಯಡಿ ಬರೋ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸೇವೆ ತೋರಿಸಬೇಕು, 2027 ರ ಶುರುವಿಗೆ ಎಲ್ಲಾ ವಿಸ್ತರಿಸಿದ ರಾಜ್ಯಗಳಲ್ಲೂ ಇದು ಬರಬೇಕು (13 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆ ವಿನಾಯಿತಿ ಇದೆ). ಆ ರಾಜ್ಯಗಳು ಆಸ್ಪತ್ರೆಗಳ ಮೇಲೆ ಹಾಕಿ ಅದರ ಮೇಲೆ ಕೇಂದ್ರದ ಪಾಲು ತರೋ ಪ್ರೊವೈಡರ್ ಟ್ಯಾಕ್ಸ್‌ನ ಮಿತಿ 2028 ರಿಂದ ಹಂತ ಹಂತವಾಗಿ 6 ರಿಂದ 3.5 ಪರ್ಸೆಂಟ್‌ಗೆ ಇಳಿಯುತ್ತೆ. ಇದೆಲ್ಲ ಸೇರಿ 2034 ರ ಹೊತ್ತಿಗೆ ಸುಮಾರು 1 ಕೋಟಿ ಜನ ಹೆಚ್ಚಾಗಿ ಇನ್ಶೂರೆನ್ಸ್ ಇಲ್ದೆ ಇರ್ತಾರೆ ಅಂತ ಕಾಂಗ್ರೆಷನಲ್ ಬಜೆಟ್ ಆಫೀಸ್ ಅಂದಾಜು. ಅವರಿಗೆ ಕಾಯಿಲೆ ಬರೋದು ನಿಲ್ಲಲ್ಲ, 1986 ರ ಕಾನೂನಿನ ಪ್ರಕಾರ ಎಮರ್ಜೆನ್ಸಿ ರೂಮ್ (ಇಆರ್) ನವರು ದುಡ್ಡಿಲ್ಲ ಅಂತ ವಾಪಸ್ ಕಳಿಸೋ ಹಾಗೂ ಇಲ್ಲ, ಆದ್ರಿಂದ ಶುಗರ್, ಬಿಪಿ ನೋಡಿಸ್ದೆ ಕೂತಿದ್ದು ಮೈಮೇಲೆ ಬಂದಾಗ ಇಆರ್‌ಗೇ ಬರ್ತಾರೆ. ಅಂದ್ರೆ ಇಆರ್ ನರ್ಸ್‌ಗೆ ಕೆಲಸ ಹೆಚ್ಚಾಗುತ್ತೆ, ಆಸ್ಪತ್ರೆಗೆ ದುಡ್ಡು ಕಡಿಮೆ ಬರುತ್ತೆ. ಇದು ನನಗೆ ನಿಜವಾಗಲೂ ನೋವಿನ ವಿಷಯ, ಯಾಕಂದ್ರೆ ತಡವಾಗಿ ಬರೋ ಪೇಶೆಂಟ್‌ಗಳನ್ನ ನೋಡ್ಕೊಳ್ಳೋದು ಎಷ್ಟು ಕಷ್ಟ ಅಂತ ಫ್ಲೋರ್‌ನಲ್ಲಿ ನಿಂತವರಿಗೇ ಗೊತ್ತು.

ನ್ಯೂಸ್‌ನಲ್ಲಿ ಲೇಆಫ್ ಅಂತ ಬರೋದಕ್ಕೆ ತುಂಬಾ ಮುಂಚೆನೇ ಒಳಗಡೆ ಬೇರೆ ಥರ ಶುರುವಾಗಿರುತ್ತೆ. ಖಾಲಿಯಾದ ಪೋಸ್ಟ್ ತುಂಬಲ್ಲ. ಓವರ್‌ಟೈಮ್ ಬೋನಸ್ ನಿಲ್ಲಿಸ್ತಾರೆ. ಸೆನ್ಸಸ್ (ಅಡ್ಮಿಟ್ ಆಗಿರೋ ಪೇಶೆಂಟ್‌ಗಳ ಸಂಖ್ಯೆ) ಕಡಿಮೆ ಇದೆ ಅಂತ ಬೆಳಿಗ್ಗೆ ಐದಕ್ಕೆ ಫೋನ್ ಬರುತ್ತೆ, ಇವತ್ತು ಬರಬೇಡಿ ಅಂತ, ಆ ದಿನದ ಸಂಬಳ ಬೇಕು ಅಂದ್ರೆ ನಿಮ್ಮದೇ ರಜೆ ಹಾಕ್ಕೋಬೇಕು, ಮಗು ಡೇಕೇರ್‌ಗೆ ಕಟ್ಟಿದ ದುಡ್ಡು ಮಾತ್ರ ವಾಪಸ್ ಬರಲ್ಲ. ಹೊಸಬರಿಗೆ ಇರೋ ರೆಸಿಡೆನ್ಸಿ (ಕೆಲಸದ ಜೊತೆಗೇ ಟ್ರೇನಿಂಗ್) ಸೀಟ್‌ಗಳನ್ನ ಕಡಿಮೆ ಮಾಡ್ತಾರೆ, ನಮ್ಮ ಎಚ್4 ಹೆಣ್ಣುಮಕ್ಕಳಿಗೆ ಮೊದಲು ಬಿಸಿ ತಟ್ಟೋದು ಇಲ್ಲೇ. ಇಂಟರ್‌ವ್ಯೂನಲ್ಲಿ ಇದನ್ನ ನೇರವಾಗಿ ಕೇಳಿ: ಸೆನ್ಸಸ್ ಕಡಿಮೆ ಆದಾಗ ಕಾಲ್-ಆಫ್ (ಇವತ್ತು ಬರಬೇಡಿ ಅನ್ನೋದರ) ಪಾಲಿಸಿ ಏನು, ಬೇರೆ ಯೂನಿಟ್‌ಗೆ ಫ್ಲೋಟ್ ಮಾಡ್ತೀರಾ, ವಾರಕ್ಕೆ ಇಷ್ಟು ಗಂಟೆ ಗ್ಯಾರಂಟಿ ಅಂತ ಇದೆಯಾ. ಕೇಳೋದ್ರಲ್ಲಿ ನಾಚಿಕೆ ಏನಿಲ್ಲ, ಇಲ್ಲಿಯವರು ಎಲ್ಲರೂ ಕೇಳ್ತಾರೆ.

ಎಲ್ಲಿ ಹುಷಾರಾಗಿರಬೇಕು? ಅಮೆರಿಕದಲ್ಲಿ ಹತ್ತು ಹೆರಿಗೆಯಲ್ಲಿ ಸುಮಾರು ನಾಲ್ಕರ ಬಿಲ್ ಕಟ್ಟೋದು ಮೆಡಿಕೇಡ್, ಆದ್ರಿಂದ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಮೊದಲು ಮುಚ್ಚೋದು ಲೇಬರ್ ಆ್ಯಂಡ್ ಡೆಲಿವರಿ, ಇದು ಈ ಕಾನೂನಿಗೂ ಮುಂಚಿನಿಂದ ನಡೀತಾನೇ ಇದೆ. ಗ್ರಾಮೀಣ ಆಸ್ಪತ್ರೆಗಳಿಗೆ ಅಂತ ಐದು ವರ್ಷಕ್ಕೆ 50 ಬಿಲಿಯನ್ ಡಾಲರ್ ಫಂಡ್ ಇಟ್ಟಿದಾರೆ ನಿಜ, ಆದ್ರೆ ಹೋಗೋ ದುಡ್ಡಿನ ಮುಂದೆ ಅದು ಸಾಲಲ್ಲ ಅನ್ನೋದು ನನ್ನ ಅಭಿಪ್ರಾಯ. ನರ್ಸಿಂಗ್ ಹೋಮ್‌ಗಳಲ್ಲಿ ಬೇಡಿಕೆ ಇದ್ದೇ ಇರುತ್ತೆ, ವಯಸ್ಸಾದವರು ಜಾಸ್ತಿ ಆಗ್ತಿದಾರೆ, ಆದ್ರೆ 24 ಗಂಟೆನೂ ಒಬ್ಬ ಆರ್‌ಎನ್ ಇರಲೇಬೇಕು ಅಂತ 2024 ರಲ್ಲಿ ತಂದ ನಿಯಮವನ್ನ ಇದೇ ಕಾನೂನು ತಡೆಹಿಡೀತು, ಹಾಗಾಗಿ ಅಲ್ಲಿ ಕೆಲಸ ಸಿಕ್ಕಿದ್ರೂ ಒಬ್ಬರ ಮೇಲೆ ಎಷ್ಟು ಪೇಶೆಂಟ್ ಹಾಕ್ತಾರೆ ಅಂತ ಕೇಳ್ಕೊಂಡೇ ಸೇರಿ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಾದ್ರೆ 2004 ರಿಂದ ರೇಶಿಯೋ ಕಾನೂನು ಇದೆ, ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಹೆಚ್ಚಂದ್ರೆ ಇಬ್ಬರು ಪೇಶೆಂಟ್, ಮೆಡ್-ಸರ್ಜ್‌ನಲ್ಲಿ ಐದು, ದುಡ್ಡು ಕಡಿಮೆ ಆಯ್ತು ಅಂತ ಅದನ್ನ ಮುರಿಯೋ ಹಾಗಿಲ್ಲ. ಹೆಚ್ಚಾಗಿ ಮೆಡಿಕೇರ್ ಅಥವಾ ಪ್ರೈವೇಟ್ ಇನ್ಶೂರೆನ್ಸ್ ಮೇಲೆ ನಡೆಯೋ ಡಯಾಲಿಸಿಸ್, ಕಾರ್ಡಿಯಾಲಜಿ, ಆಂಕಾಲಜಿ, ಸರ್ಜರಿ ಸೆಂಟರ್‌ಗಳಿಗೆ ಹೊಡೆತ ಕಡಿಮೆ.

ಎಚ್4 ನಲ್ಲಿರೋರಿಗೆ, ನನ್ನ ಉತ್ತರ ಬರೀರಿ ಅಂತಲೇ, ಇವತ್ತೇ ಶುರು ಮಾಡಿ. ಬಹುಪಾಲು ಜನರ ಸಮಯ ಹೋಗೋದು ಪರೀಕ್ಷೆಗಲ್ಲ, ಪೇಪರ್‌ಗೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಓದಿದ ಕಾಲೇಜಿನ ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳ ಲೆಕ್ಕ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ರಿಜಿಸ್ಟ್ರೇಶನ್ ವೆರಿಫಿಕೇಶನ್, ಇದಕ್ಕೆಲ್ಲ ಬೆಂಗಳೂರಲ್ಲಿ ಓಡಾಡೋಕೆ ಅಣ್ಣನೋ ತಮ್ಮನೋ ಬೇಕಾಗುತ್ತೆ, ಈ ಸಲ ರಜೆಗೆ ಹೋದಾಗ ನೀವೇ ಮುಗಿಸ್ಕೊಂಡು ಬಂದ್ರೆ ಇನ್ನೂ ಒಳ್ಳೇದು. ಇಎಡಿ (ಕೆಲಸ ಮಾಡೋಕೆ ಪರ್ಮಿಟ್) ಬಗ್ಗೆ ಒಂದು ಎಚ್ಚರ: ಯಜಮಾನರ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿರಬೇಕು ಅಥವಾ ಅವರು ಎಚ್1 ನ ಆರು ವರ್ಷ ದಾಟಿದ ಎಕ್ಸ್‌ಟೆನ್ಶನ್‌ನಲ್ಲಿರಬೇಕು ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ 2025 ಅಕ್ಟೋಬರ್ 30 ರಿಂದ ಹಾಕೋ ರಿನ್ಯೂವಲ್‌ಗಳಿಗೆ ಆಟೋಮ್ಯಾಟಿಕ್ ಎಕ್ಸ್‌ಟೆನ್ಶನ್ ಇಲ್ಲ. ಕಾರ್ಡ್ ಮುಗಿದ ದಿನ ಕೆಲಸ ನಿಲ್ಲುತ್ತೆ, ಆದ್ರಿಂದ 180 ದಿನ ಮುಂಚೆನೇ ಹಾಕಿಬಿಡಿ. ನಿಮ್ಮ ಗ್ರೀನ್ ಕಾರ್ಡ್‌ಗೆ, ನರ್ಸ್‌ಗಳಿಗೆ ಪರ್ಮ್ (ಅಮೆರಿಕದವರು ಸಿಗಲಿಲ್ಲ ಅಂತ ಕಂಪನಿ ತೋರಿಸೋ ಹಂತ) ಬೇಕಿಲ್ಲ, ಅದೊಂದು ಅನುಕೂಲ, ಆದ್ರೂ ಇಬಿ-3 (ನರ್ಸ್‌ಗಳು ಸಾಮಾನ್ಯವಾಗಿ ಬರೋ ಗ್ರೀನ್ ಕಾರ್ಡ್ ವರ್ಗ) ಇಂಡಿಯಾ ಕ್ಯೂ ವರ್ಷಗಟ್ಟಲೆ ಇದೆ, ಬೇಗ ಗ್ರೀನ್ ಕಾರ್ಡ್ ಮಾಡಿಸ್ತೀವಿ ಅನ್ನೋ ಏಜೆನ್ಸಿ ಮಾತು ನಂಬಿ ಬಾಂಡ್‌ಗೆ ಸೈನ್ ಹಾಕಬೇಡಿ.

ಮನೆ ಲೆಕ್ಕಾಚಾರಾನೂ ನೋಡಿ. ವಾರಕ್ಕೆ ಮೂರು ದಿನ 12 ಗಂಟೆ ಮಾಡಿದ್ರೆ ಬಹಳ ಕಡೆ ಪೂರ್ತಿ ಬೆನಿಫಿಟ್ಸ್ ಬರುತ್ತೆ, ಯಜಮಾನರ ಐಟಿ ಕೆಲಸ ಅಲ್ಲಾಡಿದ್ರೆ ಮಕ್ಕಳ ಇನ್ಶೂರೆನ್ಸ್ ನಿಮ್ಮ ಮೇಲೆ ಹಾಕ್ಕೋಬಹುದು, ಆದ್ರೆ ಎಚ್1 ಹೋದ್ರೆ ಎಚ್4 ಕೂಡ ಅದರ ಜೊತೆಗೇ ಹೋಗುತ್ತೆ ಅನ್ನೋದು ತಲೇಲಿರಲಿ. ಬೆಳಿಗ್ಗೆ ಏಳರ ಶಿಫ್ಟ್‌ಗೆ ಡೇಕೇರ್ ಬಾಗಿಲು ತೆಗೆದಿರಲ್ಲ, ಅವತ್ತು ಮಗೂನ ಯಾರು ಬಿಡ್ತಾರೆ ಅನ್ನೋದು ಗಂಡ ಹೆಂಡತಿ ಇಬ್ಬರೂ ಕೂತು ಮೊದಲೇ ಮಾತಾಡ್ಕೋಬೇಕು, ಇದನ್ನ ಹೆಂಡತಿ ಒಬ್ಬಳ ತಲೆಮೇಲೆ ಹಾಕಬೇಡಿ ದಯವಿಟ್ಟು.

ಮಗಳ ವಿಷಯ. ಇಲ್ಲಿ ನರ್ಸಿಂಗ್ ಅಂದ್ರೆ ಮರ್ಯಾದೆಯ ಕೆಲಸ, 2023 ರಲ್ಲಿ ಆರ್‌ಎನ್‌ಗಳ ಮೀಡಿಯನ್ ಸಂಬಳ ವರ್ಷಕ್ಕೆ 86,070 ಡಾಲರ್, ಡಾಕ್ಟರ್ ಆಗಲಿಲ್ಲ ಅಂತ ಮುಖ ಸಪ್ಪೆ ಮಾಡ್ಕೋಬೇಡಿ. ನಾಳೆ ನರ್ಸ್ ಪ್ರಾಕ್ಟಿಷನರ್ (ಮುಂದೆ ಓದಿ ಪೇಶೆಂಟ್‌ಗೆ ತಾನೇ ಔಷಧಿ ಬರೆಯೋ ನರ್ಸ್) ಆಗ್ತೀನಿ ಅಂದ್ರೆ ಸಾಲದ ನಿಯಮ ಬದಲಾಗಿರೋದನ್ನ ಗಮನಿಸಿ. 2026 ಜುಲೈನಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಲೋನ್ (ಡಿಗ್ರಿ ಆದ್ಮೇಲೆ ಓದೋರಿಗೆ ಇದ್ದ ಫೆಡರಲ್ ಸಾಲ) ಇಲ್ಲ, ಗ್ರ್ಯಾಜುಯೇಟ್ ವಿದ್ಯಾರ್ಥಿಗಳಿಗೆ ಫೆಡರಲ್ ಸಾಲ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್ ಮಿತಿ, ಮೆಡಿಸಿನ್ ಓದೋರಿಗೆ ಕೊಟ್ಟಿರೋ 2 ಲಕ್ಷದ ಮಿತಿಯೊಳಗೆ ನರ್ಸಿಂಗ್ ಸೇರಿಸೋ ಯೋಚನೆ ಎಜುಕೇಶನ್ ಡಿಪಾರ್ಟ್‌ಮೆಂಟ್‌ಗೆ ಇಲ್ಲ, ಅದಕ್ಕೆ ನರ್ಸ್ ಸಂಘಟನೆಗಳು ಜೋರಾಗೇ ವಿರೋಧ ಮಾಡಿವೆ. ನಾನಾದ್ರೆ ಬಿಎಸ್‌ಎನ್ (ಇಲ್ಲಿನ ನರ್ಸಿಂಗ್ ಡಿಗ್ರಿ) ಅನ್ನ ಸ್ವಂತ ರಾಜ್ಯದ ಪಬ್ಲಿಕ್ ಯೂನಿವರ್ಸಿಟಿಯಲ್ಲಿ ಸಾಲ ಕಡಿಮೆ ಮಾಡ್ಕೊಂಡು ಮುಗಿಸೋಕೆ ಹೇಳ್ತೀನಿ, ಆಮೇಲೆ ಟ್ಯೂಶನ್ (ಓದಿನ ಫೀಸ್) ದುಡ್ಡು ಕೊಡೋ ಆಸ್ಪತ್ರೆಗೆ ಸೇರಿ ಕೆಲಸ ಮಾಡ್ತಾನೇ ಮಾಸ್ಟರ್ಸ್ ಓದಲಿ. ಈ ಬೇಸಿಗೆ ರಜೆಯಲ್ಲೇ ಸಿಎನ್‌ಎ (ನರ್ಸಿಂಗ್ ಅಸಿಸ್ಟೆಂಟ್) ಟ್ರೇನಿಂಗ್‌ಗೆ ಕಳಿಸಿ, ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ ಅಷ್ಟೇ, ವಯಸ್ಸಾದವರನ್ನ ಎಬ್ಬಿಸಿ ಕೂರಿಸೋದು, ಸ್ನಾನ ಮಾಡಿಸೋದು ಕೈಯಾರೆ ಮಾಡಿದ್ಮೇಲೂ ಬೇಕು ಅಂದ್ರೆ ಯೋಚನೆ ಮಾಡ್ದೆ ಹೂಂ ಅನ್ನಿ. ಆಫರ್ ಲೆಟರ್ ಬಂದು ಕಾಲ್-ಆಫ್ ಅಥವಾ ಟ್ಯೂಶನ್ ಬಗ್ಗೆ ಇರೋ ಷರತ್ತು ಅರ್ಥ ಆಗದಿದ್ರೆ ಹೆಸರು ಅಳಿಸಿ ಇಲ್ಲೇ ಹಾಕಿ, ಓದಿ ಹೇಳ್ತೀನಿ.