ಕರೆಂಟ್ ಹೋಗಿ ಬಂದರೂ ತಾನಾಗಿ ಏಳುವ ಮನೆ ಸರ್ವರ್‌ಗೆ ಯಾವ ಲಿನಕ್ಸ್?

ಗೋಣಿಕೊಪ್ಪಲಿನಿಂದ, ಪ್ರಶ್ನೆ:

ನಮ್ಮ ತೋಟದ ಮನೆಯಲ್ಲಿ 8 ಜಿಬಿ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಒಂದಿದೆ. ಅಜ್ಜ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು, ಮನೆಯವರ ಫೋಟೋಗಳು, ತೋಟದ ಲೆಕ್ಕಪತ್ರ ಎಲ್ಲವನ್ನೂ ಅದರಲ್ಲಿಟ್ಟು, ಬೆಂಗಳೂರಿನಲ್ಲಿರುವ ಮಕ್ಕಳೂ ನೋಡುವಂತೆ ನೆಕ್ಸ್ಟ್‌ಕ್ಲೌಡ್ (ನಮ್ಮದೇ ಯಂತ್ರದಿಂದ ಕಡತಗಳನ್ನು ನೆಟ್ ಮೂಲಕ ಹಂಚಿಕೊಳ್ಳುವ ತಂತ್ರಾಂಶ) ಹಾಕಬೇಕೆಂದಿದ್ದೇನೆ. ಡೆಬಿಯನ್, ಉಬುಂಟು, ಫೆಡೋರಾ, ಆಲ್ಮಾಲಿನಕ್ಸ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಬಳಸಿದವರು ದಯವಿಟ್ಟು ತಿಳಿಸಿ.

ನಾಪೋಕ್ಲುವಿನಿಂದ:

ಮನೆಯಲ್ಲಿ ಸರ್ವರ್ ಇಟ್ಟು ಆರು ವರ್ಷವಾಯಿತು. ಮೊದಲ ಒಂದೂವರೆ ವರ್ಷ ಫೆಡೋರಾ ಬಳಸಿದೆ, ಆಮೇಲೆ ಇಂದಿನವರೆಗೂ ಡೆಬಿಯನ್. ನಿಮಗೂ ಡೆಬಿಯನ್ ಹಾಕಿ ಎಂದೇ ಹೇಳುತ್ತೇನೆ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲ ಸಿಗುವುದರಿಂದ ವರ್ಷಕ್ಕೊಮ್ಮೆಯಾದರೂ ಇಡೀ ಸಿಸ್ಟಮ್ ಮೇಲ್ದರ್ಜೆಗೇರಿಸಲೇಬೇಕು. ಒಂದು ಜುಲೈನಲ್ಲಿ ಆ ಕೆಲಸ ನಡೆಯುತ್ತಿದ್ದಾಗಲೇ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಅರ್ಧ ಹಳತು, ಅರ್ಧ ಹೊಸತಾಗಿ ಉಳಿದದ್ದನ್ನು ಅಳಿಸಿ ಮೊದಲಿನಿಂದ ಹಾಕಬೇಕಾಯಿತು. ಅದು ಫೆಡೋರಾದ ತಪ್ಪಲ್ಲ, ಆದರೆ ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಮೂರು ನಾಲ್ಕು ದಿನ ಕತ್ತಲಲ್ಲಿರುವ ನಮ್ಮ ಊರುಗಳಿಗೆ ಪದೇ ಪದೇ ಕೈಹಾಕಬೇಕಾದ ವ್ಯವಸ್ಥೆ ಹೊಂದುವುದಿಲ್ಲ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಪ್ರತಿಯೊಂದಕ್ಕೂ ಮೂರು ವರ್ಷದ ಬೆಂಬಲ, ಅದರ ಮೇಲೆ ಎರಡು ವರ್ಷದ ದೀರ್ಘಾವಧಿ ಬೆಂಬಲವಿದೆ. ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ತಿದ್ದುಪಡಿಗಳೇ ಆದ್ದರಿಂದ, ನೆಟ್ ಕುಂಟುತ್ತಿದ್ದರೂ ಅವು ಇಳಿಯುತ್ತವೆ. ಅನ್ಅಟೆಂಡೆಡ್ ಅಪ್‌ಗ್ರೇಡ್ಸ್ ಹಾಕಿಕೊಂಡರೆ ಅವನ್ನು ಅದೇ ನೋಡಿಕೊಳ್ಳುತ್ತದೆ.

ಡೆಬಿಯನ್‌ನಲ್ಲೂ ನನಗೆ ಪೆಟ್ಟು ಬಿದ್ದದ್ದುಂಟು, ಅದನ್ನು ವಿವರವಾಗಿ ಹೇಳಬೇಕು. ಫೋಟೋಗಳಿದ್ದ ಯುಎಸ್‌ಬಿ ಡಿಸ್ಕ್‌ನ ವಿವರವನ್ನು ಯಂತ್ರ ಏಳುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಿಕೊಳ್ಳಬೇಕೆಂದು ಹೇಳುವ ಎಫ್‌ಸ್ಟ್ಯಾಬ್ ಕಡತದಲ್ಲಿ ಬರೆದಿದ್ದೆ. ಒಂದು ರಾತ್ರಿ ಕರೆಂಟ್ ಬಂದಾಗ ಆ ಡಿಸ್ಕ್ ಏಳಲಿಲ್ಲ. ಸಿಸ್ಟಮ್ ಅದಕ್ಕಾಗಿ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಂತಿತು. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ, ದೂರದಿಂದ ಒಳಹೋಗಲು ದಾರಿಯೂ ಇಲ್ಲ. ನಾನು ಮೈಸೂರಿನಲ್ಲಿದ್ದೆ, ಅಮ್ಮ ಫೋನಿನಲ್ಲಿ "ಹಸಿರು ದೀಪ ಉರಿಯುತ್ತಿದೆ ಮಗಾ" ಎಂದರು, ಅಷ್ಟರಿಂದ ಏನೂ ತಿಳಿಯುವಂತಿರಲಿಲ್ಲ. ಊರಿಗೆ ಬಂದು ಮಾನಿಟರ್ ಜೋಡಿಸಿದ ಮೇಲೆಯೇ ಗೊತ್ತಾದದ್ದು. ಆ ಸಾಲಿನಲ್ಲಿ ನೋಫೇಲ್ ಎಂಬ ಒಂದು ಪದ ಸೇರಿಸಿದ್ದರೆ, ಡಿಸ್ಕ್ ಇರಲಿ ಬಿಡಲಿ, ಸರ್ವರ್ ಎದ್ದು ನಿಲ್ಲುತ್ತಿತ್ತು. ನೀವು ಯಾವ ಲಿನಕ್ಸ್ ಹಾಕಿದರೂ ಇದನ್ನು ಮರೆಯಬೇಡಿ. ಹಾಗೆಯೇ, ಕರೆಂಟ್ ಬಂದೊಡನೆ ಯಂತ್ರ ತಾನಾಗಿ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿ (ಲಿನಕ್ಸ್‌ಗೂ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಇರುತ್ತದೆ, ಅದನ್ನು ಮೊದಲೇ ಹೊಂದಿಸಿಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ತಂತ್ರಾಂಶಗಳ ಪಟ್ಟಿಯಲ್ಲಿ ಡೆಸ್ಕ್‌ಟಾಪ್‌ನ ಗುರುತು ತೆಗೆದು ದೂರದಿಂದ ಒಳಹೋಗಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಒಂದನ್ನು ಗುರುತಿಸಿದರೆ ಸಾಕು. ರೂಟ್ (ಮುಖ್ಯ ಆಡಳಿತ ಖಾತೆ) ಪಾಸ್‌ವರ್ಡ್ ಖಾಲಿ ಬಿಟ್ಟರೆ ನಿಮ್ಮ ಬಳಕೆದಾರ ಹೆಸರಿಗೇ ಸುಡೋ ಅಧಿಕಾರ, ಅಂದರೆ ಆಡಳಿತದ ಆಜ್ಞೆಗಳನ್ನು ನಡೆಸುವ ಅಧಿಕಾರ, ಸಿಗುತ್ತದೆ.

ಕುಶಾಲನಗರದಿಂದ:

ನಾನು ಮನೆಯಲ್ಲಿ ರೆಡ್ ಹ್ಯಾಟ್ ಲಿನಕ್ಸ್‌ನ ಉಚಿತ ರೂಪವಾಗಿದ್ದ ಸೆಂಟ್ಓಎಸ್ 8 ಇಟ್ಟುಕೊಂಡಿದ್ದವನು. 2029ರವರೆಗೆ ಇರುತ್ತದೆಂದು ನಂಬಿದ್ದ ಆ ಆವೃತ್ತಿ 2021ರ ಡಿಸೆಂಬರ್‌ಗೇ ಮುಗಿಯುತ್ತದೆ ಎಂಬ ಪ್ರಕಟಣೆ 2020ರ ಡಿಸೆಂಬರ್‌ನಲ್ಲಿ ಬಂತು. ಅದೇ ರೆಡ್ ಹ್ಯಾಟ್ ಕುಟುಂಬದ ಆಲ್ಮಾಲಿನಕ್ಸ್‌ಗೆ ಬಂದೆ, ಹತ್ತು ವರ್ಷದ ಬೆಂಬಲವಿರುವ ಅದರ ಬಗ್ಗೆ ನನ್ನ ದೂರೇನೂ ಇಲ್ಲ. ನಿಮ್ಮದು ಹಳೆಯ ಯಂತ್ರವಾದ್ದರಿಂದ ಒಂದು ಮಾತು: ರೆಡ್ ಹ್ಯಾಟ್ 10ನೆಯ ಆವೃತ್ತಿಗೆ 2013ರ ಹ್ಯಾಸ್ವೆಲ್ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್ ಬೇಕು. ಆಲ್ಮಾ ಹಳೆಯ ಪ್ರೊಸೆಸರ್‌ಗಳಿಗೆಂದೇ ಬೇರೆ ಪ್ರತಿ ಕೊಡುತ್ತದೆ, ಆರಿಸಿಕೊಳ್ಳುವಾಗ ಗಮನಿಸಬೇಕು. ಜೊತೆಗೆ ಪ್ರತಿ ಕಡತಕ್ಕೂ ಭದ್ರತೆಯ ಲೇಬಲ್ ಹಚ್ಚಿ ನೋಡಿಕೊಳ್ಳುವ ಎಸ್ಇಲಿನಕ್ಸ್ ಸದಾ ಕಾವಲಿರುವುದರಿಂದ, ನೆಕ್ಸ್ಟ್‌ಕ್ಲೌಡ್‌ನ ಕಡತಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಿದಾಗ ಲೇಬಲ್ ಸರಿಪಡಿಸದಿದ್ದರೆ ಅನುಮತಿ ಸರಿಯಿದ್ದರೂ ಅವು ತೆರೆಯುವುದಿಲ್ಲ. ಕಚೇರಿಯಲ್ಲಿ ಈ ಕುಟುಂಬದ ಲಿನಕ್ಸ್ ಬಳಸುವವರಿಗೆ ಇದು ಒಳ್ಳೆಯದು. ಹೊಸಬರಿಗೆ ನಾನೂ ಡೆಬಿಯನ್ ಎನ್ನುತ್ತೇನೆ.

ಮಡಿಕೇರಿಯಿಂದ:

ಉಬುಂಟು ಪರವಾಗಿಯೂ ಒಂದು ಮಾತಿರಲಿ. ಅದರ 24.04 ಆವೃತ್ತಿಗೆ ಐದು ವರ್ಷದ ಬೆಂಬಲವಿದೆ, ಐದು ಯಂತ್ರಗಳವರೆಗೆ ಉಚಿತವಾಗಿರುವ ಉಬುಂಟು ಪ್ರೊ ಸೇರಿಸಿಕೊಂಡರೆ ಹತ್ತು ವರ್ಷ. ಐದು ವರ್ಷಕ್ಕೊಮ್ಮೆ ಆವೃತ್ತಿ ಬದಲಿಸುವುದೂ ಭಾರವೆನಿಸುವ ನನ್ನಂಥವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಸ್ನ್ಯಾಪ್‌ಗಳು (ಉಬುಂಟುವಿನದೇ ರೀತಿಯ ತಂತ್ರಾಂಶ ಪೊಟ್ಟಣಗಳು) ದಿನಕ್ಕೆ ನಾಲ್ಕು ಬಾರಿ ಹೊಸತನ್ನು ಹುಡುಕುತ್ತವೆ. ಮೊಬೈಲ್ ಡೇಟಾದಲ್ಲಿ ನಡೆಸುವವರು ಅದನ್ನು ತಡೆಹಿಡಿಯಬೇಕು.

ನಾಪೋಕ್ಲುವಿನಿಂದ, ಮತ್ತೆ:

ಹತ್ತು ವರ್ಷದ ಮಾತು ನ್ಯಾಯವಾದದ್ದೇ. ಆದರೂ ಡೆಬಿಯನ್ 11ರಿಂದ 12ಕ್ಕೆ ನಾನು ಹೋದದ್ದು ಜನವರಿಯ ಒಂದು ಮಧ್ಯಾಹ್ನದ ಕೆಲಸವಾಗಿತ್ತು. ದೊಡ್ಡ ಬದಲಾವಣೆಗಳನ್ನು ಮಳೆ ಇಲ್ಲದ ತಿಂಗಳುಗಳಿಗೆ ಇಟ್ಟುಕೊಳ್ಳಿ. ಅಜ್ಜನ ಪುಸ್ತಕಗಳ ಒಂದು ಪ್ರತಿ ಬೆಂಗಳೂರಿನ ಮಕ್ಕಳ ಮನೆಯಲ್ಲೂ ಇರಲೇಬೇಕು. ಡೇಟಾ ತುಂಬುವ ಮೊದಲು ಮಾನಿಟರ್ ತೆಗೆದಿಟ್ಟು ಮೇನ್ ಸ್ವಿಚ್ ಆರಿಸಿ ಹಾಕಿ ನೋಡಿ.

ಗೋಣಿಕೊಪ್ಪಲಿನಿಂದ:

ಎಲ್ಲರಿಗೂ ವಂದನೆಗಳು. ಡೆಬಿಯನ್ 13 ಹಾಕಿದೆ. ಮೊದಲ ಸಲ ಸ್ವಿಚ್ ಹಾಕಿದಾಗ ಯಂತ್ರ ಏಳಲಿಲ್ಲ. ಬಯೋಸ್‌ನಲ್ಲಿ ಆಯ್ಕೆ ಬದಲಿಸಿ ಸೇವ್ ಮಾಡದೆ ಹೊರಬಂದಿದ್ದೆ. ಸರಿಪಡಿಸಿದ ಮೇಲೆ, ಯುಎಸ್‌ಬಿ ಡಿಸ್ಕ್ ಕಿತ್ತಿಟ್ಟೇ ಎರಡು ಬಾರಿ ಪರೀಕ್ಷಿಸಿದೆ, ಎರಡೂ ಬಾರಿ ತಾನಾಗಿ ಎದ್ದಿತು. ನಿನ್ನೆ ರಾತ್ರಿ ಮಗಳು ಬೆಂಗಳೂರಿನಿಂದಲೇ 1974ರ ಜುಲೈ ಪುಟ ತೆರೆದು ನನಗೆ ಓದಿ ಹೇಳಿದಳು.